ಕ್ಯಾಬರ್ನೆ-ಶಿರಾಜ್ ಬ್ಲೆಂಡ್ ನಮ್ಮ ಸೆಕೆಗೆ, ನಮ್ಮ ಊಟಕ್ಕೆ ಆಗ್ತದಾ?

ಬೆಂದೂರ್‌ವೆಲ್ ಬಾಟ್ಲಿ

ರೆಡ್ ವೈನ್ ಅಂದರೆ ಒಗರು, ಎದೆ ಉರಿ, ನಮ್ಮ ಮಂಗಳೂರು ಕಡೆಯ ಊಟಕ್ಕೆ ಅದು ಆಗಿಬರುವುದಿಲ್ಲ ಅಂತ ಈ ಫೋರಂನಲ್ಲಿ ಆಗಾಗ ಯಾರಾದರೂ ಬರೆಯುತ್ತಿರುತ್ತಾರೆ. ನನಗೆ ಅದು ಸರಿ ಕಾಣುವುದಿಲ್ಲ. ವೈನಿನ ತಪ್ಪು ಕಡಿಮೆ. ಅದನ್ನು ಬೆಚ್ಚಗೆ ಕುಡಿಯುವುದು, ಪಕ್ಕದಲ್ಲಿ ಯಾವುದೋ ತಟ್ಟೆ ಇಡುವುದು, ಈ ಎರಡರ ತಪ್ಪೇ ಜಾಸ್ತಿ.

ಸುಮ್ನೆ ಬಾಯಿ ಮಾತಲ್ಲ. ಭಾನುವಾರ ಮಧ್ಯಾಹ್ನ ಗೆಳೆಯರೆಲ್ಲ ಸೇರಿ ಒಂದೇ ವೈನನ್ನು ಎರಡು ಥರ ಕುಡಿದು ನೋಡಿದೆವು. ನಂದಿ ಬೆಟ್ಟದ ಕಡೆಯ ಬ್ಲೆಂಡ್, ಅಂದರೆ ಎರಡು ಜಾತಿಯ ದ್ರಾಕ್ಷಿ ಬೆರೆಸಿದ್ದು. ಕ್ಯಾಬರ್ನೆ ಸೊವಿನ್ಯೋನ್ ಜಾಸ್ತಿ, ಶಿರಾಜ್ ಕಡಿಮೆ, ಓಕ್ ಪೀಪಾಯಿಯಲ್ಲಿ ಇಟ್ಟದ್ದು. ಒಂದು ಬಾಟಲಿ ಕಪಾಟಿನಿಂದ ನೇರ ಮೇಜಿಗೆ, ಇನ್ನೊಂದು ಫ್ರಿಜ್ಜಿನಿಂದ. ಅಡುಗೆಮನೆಯ ಥರ್ಮಾಮೀಟರ್ ಗ್ಲಾಸಿಗೆ ಇಳಿಸಿದರೆ ಮೊದಲನೆಯದು 31 ಡಿಗ್ರಿ, ಎರಡನೆಯದು 17.

31 ಡಿಗ್ರಿಯದ್ದು ಮೂಗಿನ ಹತ್ತಿರ ತಂದರೆ ಮೊದಲು ಹೊಡೆಯುವುದು ಸ್ಪಿರಿಟ್ ವಾಸನೆ. ಹಣ್ಣು ಉಂಟು, ಆದರೆ ಬೇಯಿಸಿದ ಹಣ್ಣು, ಜಾಮಿನದ್ದು. ಬಾಯಲ್ಲಿ ಗಟ್ಟಿಯಿಲ್ಲ, ನುಂಗಿದ ಮೇಲೆ ಎದೆವರೆಗೂ ಬಿಸಿ. ಇದನ್ನೇ ಯಾರಿಗಾದರೂ ಮೊದಲ ಸಲ ಕೊಟ್ಟರೆ ಅವರು ರೆಡ್ ವೈನ್ ಕಡೆ ಮತ್ತೆ ತಲೆ ಹಾಕುವುದಿಲ್ಲ.

17 ಡಿಗ್ರಿಯದ್ದು ಬೇರೆಯೇ ವೈನ್ ಮಾರಾಯ್ರೆ. ಬಿಳಿ ಕಾಗದದ ಮೇಲೆ ಗ್ಲಾಸ್ ಓರೆ ಮಾಡಿದರೆ ನಡುವೆ ಕಪ್ಪು ಕೆಂಪು, ಅಂಚಿನಲ್ಲಿ ಸ್ವಲ್ಪ ನೇರಳೆ ಬಣ್ಣ. ವಾಸನೆಯಲ್ಲಿ ಮೊದಲು ನೇರಳೆ ಹಣ್ಣು, ಕುಂಟಾಲ ಹಣ್ಣು. ಗ್ಲಾಸ್ ಒಂದು ಸುತ್ತು ತಿರುಗಿಸಿದರೆ ದೊಣ್ಣೆಮೆಣಸಿನ ಹಸಿ ವಾಸನೆ, ಅದರ ಹಿಂದೆ ಕರಿಮೆಣಸು, ಲವಂಗ, ಸುಟ್ಟ ಗೆರಟೆ. ಲವಂಗ ಮತ್ತು ಗೆರಟೆ ಪೀಪಾಯಿಯಿಂದ ಬಂದದ್ದು. ಬಾಯಲ್ಲಿ ಮೊದಲು ಹುಳಿ, ಆಮೇಲೆ ಹಣ್ಣು, ಕೊನೆಗೆ ಮೇಲಿನ ವಸಡಿನ ಮೇಲೆ ಒಗರು. ಆ ಒಗರು ಟ್ಯಾನಿನ್‌ನದ್ದು. ಗೇರುಹಣ್ಣಿನ ಒಗರೂ ಟ್ಯಾನಿನ್‌ನದ್ದೇ, ನಾವು ಅದಕ್ಕೆ ಉಪ್ಪು ಹಚ್ಚಿ ತಿಂದು ಬೆಳೆದವರು. ಒಗರಿಗೆ ನಾವು ಹೆದರುವುದೆಂಥದು!

ಈಗ ಊಟ. ಎಲ್ಲ ತಣ್ಣಗಿನ ಬಾಟಲಿಯ ಜೊತೆಗೆ.

ಪೋರ್ಕ್ ಬಫಾತ್, ಹಿಂದಿನ ದಿನ ಮಾಡಿಟ್ಟದ್ದು, ಜೊತೆಗೆ ಸನ್ನಾಸ್. ಇದು ಗೆದ್ದಿತು. ಕೊಬ್ಬಿನ ತುಂಡು ಬಾಯಲ್ಲಿರುವಾಗ ಒಂದು ಗುಟುಕು ಕುಡಿದರೆ ಒಗರು ಅರ್ಧಕ್ಕರ್ಧ ಹೋಗುತ್ತದೆ, ಹಣ್ಣು ಮುಂದೆ ಬರುತ್ತದೆ. ಬಫಾತಿನ ವಿನೆಗರ್ ಹುಳಿಯೂ ಸಹಾಯ ಮಾಡಿತು. ಊಟದಲ್ಲಿ ಹುಳಿ ಇದ್ದರೆ ವೈನಿನ ಹುಳಿ ಕಡಿಮೆ ಅನಿಸುತ್ತದೆ.

ಚಿಕನ್ ಗೀ ರೋಸ್ಟ್. ಉರಿಯುವ ಬೆಂಕಿಗೆ ತುಪ್ಪ ಸುರಿದ ಹಾಗೆ, ಇಲ್ಲಿ ತುಪ್ಪ ನಿಜವಾಗಿಯೂ ಇತ್ತು. ಮೆಣಸಿನ ಖಾರ ಆಲ್ಕೋಹಾಲನ್ನು ಎತ್ತಿ ಕಟ್ಟಿತು, ಬೆಲ್ಲದ ಸಿಹಿ ವೈನನ್ನು ಕಹಿ ಮಾಡಿತು.

ಬಂಗುಡೆ ಪುಳಿಮುಂಚಿ. ಬೇಡ. ನಾಲಿಗೆ ಮೇಲೆ ಕಬ್ಬಿಣ ನೆಕ್ಕಿದ ರುಚಿ, ಮೀನಿನ ವಾಸನೆ ಎರಡು ಪಟ್ಟು.

ಹಲಸಿನ ಹಪ್ಪಳ ಸುಮ್ನೆ ಪಕ್ಕದಲ್ಲಿ ಇಟ್ಟದ್ದು, ಅದು ಬಫಾತಿನ ನಂತರ ಎರಡನೇ ಸ್ಥಾನಕ್ಕೆ ಬಂತು. ಉಪ್ಪು, ತೆಂಗಿನೆಣ್ಣೆ, ಗರಿಗರಿ. ಖಾರ ಹಾಕದ ಹಪ್ಪಳವೇ ಆಗಬೇಕು.

ನಿಮ್ಮ ಅನುಭವ ಹೇಳಿ. ಬೈಯುವವರೂ ಬನ್ನಿ.

ಸುಮ್ನೆ ಓದುವವ

ಒಂದು ದಡ್ಡ ಪ್ರಶ್ನೆ. ಒಳ್ಳೆಯ ದ್ರಾಕ್ಷಿ ಆದರೆ ಒಂದನ್ನೇ ಹಾಕಿ ಮಾಡಬಹುದಲ್ಲ, ಇನ್ನೊಂದನ್ನು ಬೆರೆಸುವುದು ಯಾಕೆ? ಕಡಿಮೆ ಬೆಲೆಯದ್ದು ಸೇರಿಸಿ ಲಾಭ ಮಾಡುವುದಾ?

ಬೆಂದೂರ್‌ವೆಲ್ ಬಾಟ್ಲಿ

ದಡ್ಡ ಪ್ರಶ್ನೆ ಏನಲ್ಲ. ಕ್ಯಾಬರ್ನೆ ಸೊವಿನ್ಯೋನ್ ಹಣ್ಣು ಚಿಕ್ಕದು, ಸಿಪ್ಪೆ ದಪ್ಪ, ತಿರುಳಿಗೆ ಹೋಲಿಸಿದರೆ ಬೀಜ ಜಾಸ್ತಿ. ಅದಕ್ಕೇ ಬಣ್ಣವೂ ಗಾಢ, ಟ್ಯಾನಿನ್ನೂ ಜಾಸ್ತಿ. ಬಾಯಿಗೆ ಹಾಕಿದ ಕೂಡಲೇ ಒಂದು ಪೆಟ್ಟು, ಕೊನೆಯಲ್ಲಿ ಒಂದು ಪೆಟ್ಟು, ನಡುವೆ ಮಾತ್ರ ಸ್ವಲ್ಪ ಖಾಲಿ. ಆ ಖಾಲಿ ಜಾಗ ತುಂಬಲು ಫ್ರಾನ್ಸಿನ ಬೋರ್ಡೊದಲ್ಲಿ ಮೆರ್ಲೊ ಹಾಕುತ್ತಾರೆ, ಅದು ಮೆದು, ತಿರುಳು ಜಾಸ್ತಿ. ಜೊತೆಗೆ ಕ್ಯಾಬರ್ನೆ ಫ್ರಾಂಕ್, ಪೆಟಿ ವರ್ಡೊ, ಕೆಲವೊಮ್ಮೆ ಮಾಲ್ಬೆಕ್. ಆಸ್ಟ್ರೇಲಿಯಾದವರು ಮೆರ್ಲೊ ಬದಲು ಶಿರಾಜ್ ಹಾಕಿದರು. ನಮ್ಮ ದೇಶದಲ್ಲಿ ಹೆಚ್ಚು ಸಿಗುವುದು ಇದೇ ಕ್ಯಾಬರ್ನೆ-ಶಿರಾಜ್ ಜೋಡಿ.

ಬೋರ್ಡೊದವರಿಗೆ ಇನ್ನೊಂದು ಲೆಕ್ಕಾಚಾರವೂ ಇತ್ತು. ಮೆರ್ಲೊ ಬೇಗ ಹಣ್ಣಾಗುತ್ತದೆ, ಕ್ಯಾಬರ್ನೆ ತಡ. ಕೊಯ್ಲಿನ ಹೊತ್ತಿಗೆ ಮಳೆ ಹಿಡಿದರೆ ಕ್ಯಾಬರ್ನೆ ಹಾಳು, ಅಷ್ಟರಲ್ಲಿ ಮೆರ್ಲೊ ಕೊಯ್ದು ಆಗಿರುತ್ತದೆ. ವಸಂತದಲ್ಲಿ ಹಿಮ ಬಿದ್ದರೆ ಬೇಗ ಚಿಗುರುವ ಮೆರ್ಲೊಗೆ ಏಟು, ಕ್ಯಾಬರ್ನೆ ಪಾರು. ಬರೀ ಅಡಿಕೆ ನಂಬದೆ ನಡುವೆ ಕೊಕ್ಕೊ, ಕಾಳುಮೆಣಸು ಹಾಕುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕರ್ನಾಟಕದ ಲೆಕ್ಕದಲ್ಲಿ ಹೇಳುವುದಾದರೆ ದೊಡ್ಡಬಳ್ಳಾಪುರದ ಗ್ರೋವರ್‌ನವರು 1988ರಲ್ಲಿ ಶುರು ಮಾಡಿದ್ದು. ಬೋರ್ಡೊದ ವೈನ್ ಪರಿಣತ ಮಿಶೆಲ್ ರೋಲಾನ್ ಈ ಗ್ರೋವರ್‌ನವರಿಗೆ ಸಲಹೆಗಾರರಾಗಿದ್ದರು. ಗ್ರೋವರ್‌ನವರ ಲಾ ರಿಸರ್ವ್ ಅನ್ನುವ ವೈನ್ ಕ್ಯಾಬರ್ನೆ-ಶಿರಾಜ್ ಬ್ಲೆಂಡೇ. ಹಂಪಿ ಕಡೆ ಕೃಷ್ಮಾದವರು ಕ್ಯಾಬರ್ನೆಯನ್ನು ಒಂಟಿಯಾಗಿ ಮಾಡುತ್ತಾರೆ. ಸಿಕ್ಕರೆ ಎರಡನ್ನೂ ಪಕ್ಕಪಕ್ಕ ಇಟ್ಟು ಕುಡಿದು ನೋಡಿ, ಬೆರಕೆ ಯಾಕೆ ಅಂತ ನನ್ನ ಉಪನ್ಯಾಸ ಬೇಕಾಗುವುದಿಲ್ಲ.

ಪುತ್ತೂರು ತೋಟ

ಬೋರ್ಡೊ ಅಂದ ಕೂಡಲೇ ನಮಗೆ ನೆನಪಾಗುವುದು ವೈನ್ ಅಲ್ಲ, ಮದ್ದು. ಮೈಲುತುತ್ತು ಒಂದು ಕೆಜಿ, ಸುಣ್ಣ ಒಂದು ಕೆಜಿ, ನೀರು 100 ಲೀಟರ್. ಅಡಿಕೆಯ ಕೊಳೆರೋಗಕ್ಕೆ ಮಳೆ ಹಿಡಿಯುವ ಮೊದಲು ಒಂದು ಸಲ ಬಿಡಲೇಬೇಕು. ಅದು ಹುಟ್ಟಿದ್ದೇ ಈ ಕ್ಯಾಬರ್ನೆ ತೋಟಗಳಲ್ಲಿ ಅಂತ ಇಲ್ಲಿ ಎಷ್ಟು ಜನರಿಗೆ ಗೊತ್ತು? ದಾರಿ ಬದಿಯ ಹಣ್ಣನ್ನು ಹೋಗುವವರು ಬರುವವರು ಕಿತ್ತು ತಿನ್ನುತ್ತಾರೆ ಅಂತ ಬೋರ್ಡೊದ ಮೆಡೊಕ್ ಕಡೆಯ ರೈತರು ತಾಮ್ರ-ಸುಣ್ಣದ ನೀಲಿ ನೀರು ಚಿಮುಕಿಸಿ ಇಡುತ್ತಿದ್ದರು. ಆ ಸಾಲಿನ ಬಳ್ಳಿಗಳಿಗೆ ಮಾತ್ರ ಬೂಷ್ಟು ರೋಗ ಬರಲಿಲ್ಲ. ಮಿಲಾರ್ಡೆ ಅಂತ ಒಬ್ಬರು ಪ್ರೊಫೆಸರ್ ಅದನ್ನು ಗಮನಿಸಿ ಪ್ರಯೋಗ ಮಾಡಿ 1885ರಲ್ಲಿ ಪ್ರಕಟಿಸಿದರು. ಕಳ್ಳರಿಗೆ ಹಾಕಿದ ನೀರು ನಮ್ಮ ಅಡಿಕೆ ಕಾಯುತ್ತಾ ಉಂಟು.

ಅಂದ ಹಾಗೆ ಕರಿಮೆಣಸಿನ ವಾಸನೆ ಅಂದಿರಲ್ಲ. ನಾನು ಮನೆಯಲ್ಲಿ ಮೆಣಸು ಒಣಗಿಸುವವ, ನನಗೆ ಶಿರಾಜಿನಲ್ಲಿ ಒಂದು ಚೂರೂ ಸಿಗುವುದಿಲ್ಲ. ಸುಮ್ನೆ ಬರೆಯುತ್ತಾರಾ ಎಂಥ?

ಮಣಿಪಾಲ ಲ್ಯಾಬ್

ಸುಮ್ನೆ ಅಲ್ಲ ಸರ್. ಅದು ರೊಟಂಡೋನ್ ಅನ್ನುವ ಪದಾರ್ಥ. ಕರಿಮೆಣಸಿನಲ್ಲೂ ಅದೇ, ಶಿರಾಜಿನಲ್ಲೂ ಅದೇ. ಆಸ್ಟ್ರೇಲಿಯಾದ ವೈನ್ ಸಂಶೋಧಕರು 2008ರಲ್ಲಿ ಗುರುತಿಸಿದರು. ತಮಾಷೆ ಏನೆಂದರೆ ಅವರು ಪರೀಕ್ಷೆ ಮಾಡಿದವರಲ್ಲಿ ಸುಮಾರು 20 ಶೇಕಡಾ ಜನರಿಗೆ ಅದು ಮೂಗಿಗೆ ಗೊತ್ತೇ ಆಗಲಿಲ್ಲ. ನೀವು ಆ ಗುಂಪಿನವರು ಇರಬಹುದು. ಮೆಣಸಿನಲ್ಲಿ ಬೇರೆ ವಾಸನೆಗಳೂ ಉಂಟಲ್ಲ, ಅದಕ್ಕೆ ಅಂಗಳದಲ್ಲಿ ಒಣಗಿಸುವಾಗ ನಿಮಗೆ ಕೊರತೆ ಅನಿಸುವುದಿಲ್ಲ.

ದೊಣ್ಣೆಮೆಣಸಿನ ವಾಸನೆ ಕ್ಯಾಬರ್ನೆಯದ್ದು. ಮೀಥಾಕ್ಸಿಪೈರಜೀನ್, ದೊಣ್ಣೆಮೆಣಸಿನಲ್ಲೂ ಅದೇ ಇರುವುದು. ಲೀಟರಿಗೆ ಕೆಲವೇ ನ್ಯಾನೊಗ್ರಾಂ ಇದ್ದರೂ ಮೂಗು ಹಿಡಿಯುತ್ತದೆ. ಹಣ್ಣು ಬಲಿತಷ್ಟೂ, ಗೊನೆಗೆ ಬಿಸಿಲು ಬಿದ್ದಷ್ಟೂ ಅದು ಕಡಿಮೆ ಆಗುತ್ತದೆ. ಸೊವಿನ್ಯೋನ್ ಬ್ಲಾಂಕ್ ಬಿಳಿ ವೈನಿನಲ್ಲೂ ಅದೇ ಹಸಿ ವಾಸನೆ ಬರುತ್ತದೆ. ಬರಲೇಬೇಕು, ಯಾಕೆಂದರೆ ಕ್ಯಾಬರ್ನೆ ಸೊವಿನ್ಯೋನ್ ಹುಟ್ಟಿದ್ದೇ ಕ್ಯಾಬರ್ನೆ ಫ್ರಾಂಕ್ ಮತ್ತು ಸೊವಿನ್ಯೋನ್ ಬ್ಲಾಂಕ್ ಸೇರಿ. ಕ್ಯಾಲಿಫೋರ್ನಿಯಾದ ಡೇವಿಸ್ ವಿಶ್ವವಿದ್ಯಾಲಯದಲ್ಲಿ ಡಿಎನ್‌ಎ ನೋಡಿ 1997ರಲ್ಲಿ ಪ್ರಕಟಿಸಿದ ವಿಷಯ ಇದು.

ಬಂಗುಡೆಗೂ ಕಾರಣ ಉಂಟು. ರೆಡ್ ವೈನಿನಲ್ಲಿ ಇರುವ ಕಬ್ಬಿಣದ ಅಂಶ ಮೀನಿನ ಎಣ್ಣೆಯ ಜೊತೆ ಸೇರಿ ಆ ಕೆಟ್ಟ ವಾಸನೆ ಎಬ್ಬಿಸುತ್ತದೆ ಅಂತ ಜಪಾನಿನವರು 2009ರಲ್ಲಿ ತೋರಿಸಿದರು. ಬಂಗುಡೆ, ಬೂತಾಯಿ ಎಣ್ಣೆ ಮೀನು, ಅವುಗಳ ಜೊತೆ ಕಷ್ಟ. ಖಾರದ್ದು ಇನ್ನೂ ಸುಲಭದ ಕಥೆ. ಬಾಯಲ್ಲಿ ಮೆಣಸಿನ ಉರಿ ತಿಳಿಯುವ ನರವನ್ನೇ ಆಲ್ಕೋಹಾಲೂ ಕೆಣಕುತ್ತದೆ. ಎರಡೂ ಒಟ್ಟಿಗೆ ಬಂದರೆ ಉರಿ ಕೂಡುತ್ತದೆ, ಕಳೆಯುವುದಿಲ್ಲ.

ಕುಂದಾಪ್ರದ ಬಾಣಲೆ

ಗೀ ರೋಸ್ಟ್ ಹುಟ್ಟಿದ ಊರಿನವಳು ನಾನು, ಸುಮ್ಮನೆ ಕೂರುವುದಿಲ್ಲ. ನೀವು ತಿಂದದ್ದು ಯಾವ ಗೀ ರೋಸ್ಟ್ ಅಣ್ಣ? ಈಗ ಹೋಟೆಲುಗಳಲ್ಲಿ ಬಣ್ಣಕ್ಕೆ ಒಂದು ಪುಡಿ, ಖಾರಕ್ಕೆ ಗುಂಟೂರು, ಮೇಲೆ ಬೆಲ್ಲ. ಸರಿಯಾದದ್ದಕ್ಕೆ ಬರೀ ಬ್ಯಾಡಗಿ ಮೆಣಸು. ಬಣ್ಣ ಕೆಂಪು, ಖಾರ ಹದ. ಹುಣಸೆ ಹುಳಿ, ಮೊಸರು, ತುಪ್ಪ ಧಾರಾಳ. ತುಪ್ಪ ಅಂದರೆ ಕೊಬ್ಬು ಅಲ್ವಾ, ಪೋರ್ಕಿನ ಕೊಬ್ಬು ಟ್ಯಾನಿನ್ ಮೆತ್ತಗೆ ಮಾಡುತ್ತದೆ ಅಂತಾದರೆ ತುಪ್ಪ ಯಾಕೆ ಮಾಡಬಾರದು? ತುಪ್ಪ ಏನು ಪಾಪ ಮಾಡಿದೆ?

ಬೆಂದೂರ್‌ವೆಲ್ ಬಾಟ್ಲಿ

ಅಕ್ಕ, ಕೇಳಬೇಕಾದ ಪ್ರಶ್ನೆಯೇ. ನಾವು ತಿಂದದ್ದು ತರಿಸಿದ ಪಾರ್ಸೆಲ್. ಯಾವ ಹೋಟೆಲ್ ಅಂತ ಹೇಳುವುದಿಲ್ಲ, ಗ್ರೇವಿ ಸಿಹಿ ಇತ್ತು, ಅಷ್ಟು ಸಾಕು. ತುಪ್ಪ ಟ್ಯಾನಿನ್ ಮಟ್ಟಿಗೆ ಸಹಾಯ ಮಾಡಿಯೇ ಮಾಡುತ್ತದೆ. ಸೋತದ್ದು ಖಾರ ಮತ್ತು ಬೆಲ್ಲದ ಎದುರು. ಬೆಲ್ಲ ಬಿಟ್ಟು ಬ್ಯಾಡಗಿಯಲ್ಲೇ ಮಾಡಿದರೆ ಬೇರೆ ಆಗಬಹುದು. ನೀವೇ ಮಾಡಿ ಕುಡಿದು ನೋಡಿ ಬರೆಯಿರಿ, ನಾನು ಒಪ್ಪಿಕೊಳ್ಳುತ್ತೇನೆ. ಕೋರಿ ರೊಟ್ಟಿ ಮಾತ್ರ ಬೇಡ. ತೆಂಗಿನಹಾಲಿನ ಸಾರು, ನೆನೆದ ರೊಟ್ಟಿ, ಅದರ ಮೇಲೆ ಈ ವೈನ್ ಭಾರ ಆಗುತ್ತದೆ.

ವೆಲೆನ್ಸಿಯಾ ಅಡುಗೆಮನೆ

ನಮ್ಮ ಅಮ್ಮನಿಗೆ ಒಂದು ಗ್ಲಾಸ್ ಕೊಟ್ಟೆ. ಒಂದು ಗುಟುಕು ಕುಡಿದು "ಇದಕ್ಕೆ ಸಕ್ಕರೆ ಹಾಕಲು ಮರೆತಿದ್ದಾರೆ" ಅಂದರು. ಕ್ರಿಸ್ಮಸ್‌ಗೆ ಭರಣಿಯಲ್ಲಿ ಕಪ್ಪು ದ್ರಾಕ್ಷಿ, ಸಕ್ಕರೆ, ಗೋಧಿ, ಚೂರು ಯೀಸ್ಟ್, ಚೆಕ್ಕೆ ಲವಂಗ ಹಾಕಿ ಬಟ್ಟೆ ಕಟ್ಟಿ ಇಡುವವರು ಅವರು, ದಿನಾ ಮರದ ಸೌಟಿನಿಂದ ಕೈಯಾಡಿಸಬೇಕು, ಬೇರೆ ಯಾರೂ ಮುಟ್ಟಬಾರದು. ಕುಸ್ವಾರದ ಜೊತೆ, ಅಂದರೆ ನೆವ್ರಿ ಕಿಡಿಯೊದಂಥ ಕ್ರಿಸ್ಮಸ್ ಸಿಹಿತಿಂಡಿ ಜೊತೆ ಆ ವೈನೇ ಸರಿ. ಈ ಕ್ಯಾಬರ್ನೆಯನ್ನು ನೆವ್ರಿ ಜೊತೆ ಕುಡಿದರೆ ಕಷಾಯ. ಅಷ್ಟು ನಾನೂ ಹೇಳುತ್ತೇನೆ.

ಆದರೆ ಅದೇ ಅಮ್ಮ ಮಾರನೇ ದಿನ ಉಳಿದದ್ದನ್ನು ಪೋರ್ಕ್ ಇಂದಾದ್ ಜೊತೆ ಕೇಳಿ ಹಾಕಿಸಿಕೊಂಡರು. ಎರಡನೇ ದಿನ ಒಗರು ಕಡಿಮೆ ಆಗಿತ್ತು. ಫ್ರಿಜ್ಜಿನಲ್ಲೇ ಇಟ್ಟದ್ದು.

ಮಣಿಪಾಲ ಲ್ಯಾಬ್

ನಿಮ್ಮ ಅಮ್ಮ ಹಾಕುವ ಕಪ್ಪು ದ್ರಾಕ್ಷಿ ಬೆಂಗಳೂರು ಬ್ಲೂ ಆಗಿದ್ದರೆ ಅದರ ವಾಸನೆಯೇ ಬೇರೆ ಜಾತಿಯದ್ದು. ಅದರಲ್ಲಿ ಅಮೆರಿಕದ ಲಬ್ರುಸ್ಕಾ ದ್ರಾಕ್ಷಿಯ ರಕ್ತ ಉಂಟು. ದ್ರಾಕ್ಷಿ ಮಿಠಾಯಿಯಲ್ಲಿ ಬರುವ ಆ ಗಾಢ ವಾಸನೆ ಅದರದ್ದು. ಕ್ಯಾಬರ್ನೆ, ಮೆರ್ಲೊ, ಶಿರಾಜ್ ಎಲ್ಲ ಯುರೋಪಿನ ವಿನಿಫೆರಾ ಜಾತಿಯವು. ಅಲ್ಲಿ ಆ ವಾಸನೆ ಹುಡುಕಿದರೆ ಸಿಗುವುದಿಲ್ಲ.

ಗುಜ್ಜೆಪ್ರಿಯ ಉಡುಪಿ

ನೀವೆಲ್ಲ ಪೋರ್ಕು ಚಿಕನ್ನು ಅಂತ ಬರೆಯುತ್ತಾ ಇದ್ದೀರಿ. ನಮ್ಮಂಥ ಸಸ್ಯಾಹಾರಿಗಳು ಏನು ಗೋಳಿಬಜೆ ಜೊತೆ ಕುಡಿಯುವುದಾ? (ಮನೆಯಲ್ಲಿ ಹೇಳಬೇಡಿ ಆಯ್ತಾ.)

ಬೆಂದೂರ್‌ವೆಲ್ ಬಾಟ್ಲಿ

ಗೋಳಿಬಜೆ ಬೇಡ, ಅದಕ್ಕೆ ಚಟ್ನಿ ಬೇಕೇ ಬೇಕು, ಹಸಿಮೆಣಸು ಶುಂಠಿ ಸೇರಿ ವೈನ್ ಕೊಲ್ಲುತ್ತದೆ. ಹೆಸರಲ್ಲೇ ಇಟ್ಟುಕೊಂಡಿದ್ದೀರಲ್ಲ, ಗುಜ್ಜೆ, ಎಳೆ ಹಲಸು. ತೆಂಗಿನೆಣ್ಣೆಯಲ್ಲಿ ಚೆನ್ನಾಗಿ ಕಂದು ಬರುವವರೆಗೆ ಹುರಿದು, ಕೆಂಪು ಮೆಣಸು ಬಿಟ್ಟು ಕರಿಮೆಣಸು, ಬೆಳ್ಳುಳ್ಳಿ, ಉಪ್ಪು ಮುಂದೆ ಮಾಡಿ. ಹುರಿದ ಕಾಯಿತುರಿ ಕೊನೆಗೆ. ಇದರಲ್ಲಿ ಮಾಂಸದ ಪ್ರೋಟೀನ್ ಇಲ್ಲ, ಆದರೆ ಎಣ್ಣೆ, ಉಪ್ಪು, ಹುರಿದ ಕಂದು ರುಚಿ ಎಲ್ಲ ಉಂಟು. ಪನೀರ್‌ಗಿಂತ ಎಷ್ಟೋ ವಾಸಿ. ಕಲ್ಲಣಬೆ ಸೀಸನ್ನಿನಲ್ಲಿ ಅಣಬೆಯನ್ನೂ ಹೀಗೇ ಮಾಡಬಹುದು. ಅಣಬೆಯ ರುಚಿ ವೈನನ್ನು ಸ್ವಲ್ಪ ಕಹಿ ಮಾಡುತ್ತದೆ, ಉಪ್ಪು ಸರಿಯಾಗಿ ಬಿದ್ದರೆ ಆ ಕಹಿ ಅಡಗುತ್ತದೆ.

ಕದ್ರಿ ಗುಡ್ಡ

ಎಲ್ಲ ಸರಿ ಮಾರಾಯ್ರೆ, ಆದರೆ ರೆಡ್ ವೈನ್ ಫ್ರಿಜ್ಜಿಗೆ ಹಾಕಬಾರದು, ರೂಮ್ ಟೆಂಪರೇಚರಲ್ಲೇ ಕುಡಿಯಬೇಕು ಅಂತ ಎಲ್ಲ ಕಡೆ ಉಂಟಲ್ಲ? ನಮ್ಮ ಭಾವ ಗಲ್ಫಿನಲ್ಲಿ ದೊಡ್ಡ ಹೋಟೆಲಿನಲ್ಲಿ ಇದ್ದವರು, ಅವರು ನೋಡಿದರೆ ನಗುತ್ತಾರೆ.

ಬೆಂದೂರ್‌ವೆಲ್ ಬಾಟ್ಲಿ

ಯಾವ ರೂಮು ಅಂತ ಭಾವನಿಗೆ ಕೇಳಿ. ಆ ಮಾತು ಹುಟ್ಟಿದ್ದು ಯುರೋಪಿನ ಹಳೇ ಕಲ್ಲಿನ ಮನೆಗಳಲ್ಲಿ, ಅಲ್ಲಿ ರೂಮು ಅಂದರೆ 16ರಿಂದ 18 ಡಿಗ್ರಿ. ಏಪ್ರಿಲ್ ಮೇ ತಿಂಗಳಲ್ಲಿ ಮಂಗಳೂರಿನ ಹಂಪನಕಟ್ಟೆಯಲ್ಲಿ ರೂಮು ಅಂದರೆ ಏನು ಅಂತ ನಿಮಗೇ ಗೊತ್ತು. ಗಲ್ಫಿನ ಹೋಟೆಲಿನಲ್ಲಿ ಎಸಿ ಇತ್ತು, ವೈನಿಗೆ ಬೇರೆ ಕಪಾಟೇ ಇತ್ತು.

ಇನ್ನೊಂದು. ಹೊರದೇಶದವರು 15-20 ನಿಮಿಷ ಫ್ರಿಜ್ಜಿನಲ್ಲಿಡಿ ಅಂತ ಬರೆಯುತ್ತಾರೆ. ಅದು ಅವರ 21 ಡಿಗ್ರಿ ಮನೆಗೆ. ನಮ್ಮ 31ರಿಂದ 17ಕ್ಕೆ ಇಳಿಯಲು ಬಾಟಲಿಗೆ ಒಂದು ಗಂಟೆಯ ಮೇಲೆಯೇ ಬೇಕು. ಅವಸರ ಇದ್ದರೆ ಬಕೆಟಿನಲ್ಲಿ ಐಸು ಮತ್ತು ನೀರು ಎರಡೂ ಹಾಕಿ ಬಾಟಲಿ ಮುಳುಗಿಸಿ, ಹತ್ತು ಹದಿನೈದು ನಿಮಿಷದಲ್ಲಿ ಕೆಲಸ ಆಗುತ್ತದೆ. ಬರೀ ಐಸು ಹಾಕಿದರೆ ತಡ, ನೀರು ಬಾಟಲಿಗೆ ಸುತ್ತ ತಾಗುತ್ತದೆ, ಐಸು ತಾಗುವುದಿಲ್ಲ. ತೀರಾ ತಣ್ಣಗೆ ಮಾಡಿದರೂ ಕಷ್ಟ. 8-10 ಡಿಗ್ರಿಗೆ ಹೋದರೆ ಹಣ್ಣಿನ ವಾಸನೆ ಅಡಗಿ ಬರೀ ಒಗರು ಉಳಿಯುತ್ತದೆ. ಗ್ಲಾಸಿಗೆ ಸ್ವಲ್ಪ ಸ್ವಲ್ಪವೇ ಹಾಕಿ, ನಮ್ಮ ಸೆಕೆಗೆ ಗ್ಲಾಸಿನಲ್ಲಿ ಬಹಳ ಬೇಗ ಬಿಸಿ ಆಗುತ್ತದೆ.

ಗ್ಲಾಸಿಗೇ ಐಸ್ ಹಾಕುವವರ ಜೊತೆ ನಾನು ಜಗಳ ಮಾಡುವುದಿಲ್ಲ. ದುಡ್ಡು ಅವರದ್ದು.

ಸುರತ್ಕಲ್ ಅಲೆ

ಇಡುವ ವಿಷಯ ಬಂತಲ್ಲ, ನನ್ನದೂ ಕೇಳಿ. ಇಲ್ಲಿನ ಒಂದು ಅಂಗಡಿಯಲ್ಲಿ (ಹೆಸರು ಬೇಡ) ದುಬಾರಿಯದ್ದೊಂದು ಕ್ಯಾಬರ್ನೆ-ಮೆರ್ಲೊ ತಂದೆ. ರಸ್ತೆ ಕಡೆಯ ಗಾಜಿನ ಶೋಕೇಸಿನಲ್ಲಿ ನಿಲ್ಲಿಸಿಟ್ಟಿದ್ದರು, ಸಂಜೆ ಬಿಸಿಲು ನೇರ ಬೀಳುವ ಜಾಗ. ಮನೆಗೆ ಬಂದು ಫಾಯಿಲ್ ಸುಲಿದರೆ ಕಾರ್ಕು ಬಾಟಲಿಯ ಬಾಯಿಂದ ಒಂದು ನೂಲು ಮೇಲೆ ಎದ್ದಿತ್ತು, ಪಕ್ಕದಲ್ಲಿ ವೈನ್ ಇಳಿದ ಅಂಟು ಕಲೆ. ಕುಡಿದರೆ ಬೇಯಿಸಿದ ಒಣದ್ರಾಕ್ಷಿ ನೀರು. ಬಣ್ಣವೂ ಇಟ್ಟಿಗೆ ಬಣ್ಣ. ವಾಪಸ್ ತಗೊಳ್ಳಿ ಅಂದರೆ "ಓಪನ್ ಮಾಡಿದ್ದು ತಗೊಳ್ಳುವುದಿಲ್ಲ" ಅಂದರು. ಓಪನ್ ಮಾಡದೆ ಹಾಳಾಗಿದೆ ಅಂತ ಗೊತ್ತಾಗುವುದು ಹೇಗೆ?

ಬೆಂದೂರ್‌ವೆಲ್ ಬಾಟ್ಲಿ

ಸೆಕೆಗೆ ಒಳಗಿನ ವೈನ್ ಹಿಗ್ಗಿ ಕಾರ್ಕು ನೂಕಿದ್ದು ಅದು. ಅಂಗಡಿಯಲ್ಲಿ ಬಾಟಲಿಯ ಕುತ್ತಿಗೆ ನೋಡಿ. ಫಾಯಿಲ್ ಉಬ್ಬಿದ್ದರೆ, ಅಂಟು ಇದ್ದರೆ, ವೈನಿನ ಮಟ್ಟ ಪಕ್ಕದ ಬಾಟಲಿಗಿಂತ ಇಳಿದಿದ್ದರೆ ಬಿಟ್ಟುಬಿಡಿ. ಶೋಕೇಸಿನದ್ದು ಬೇಡ, ಒಳಗಿನ ಪೆಟ್ಟಿಗೆಯಿಂದ ಕೊಡಿ ಅಂತ ಕೇಳಿ, ಹೆಚ್ಚಿನವರು ಕೊಡುತ್ತಾರೆ. ನಮ್ಮ ಹವೆಗೆ ತಿರುಪು ಮುಚ್ಚಳದ ಬಾಟಲಿಯೇ ಒಳ್ಳೆಯದು ಅಂತ ನನ್ನ ಅಭಿಪ್ರಾಯ, ಕಾರ್ಕಿನ ಗತ್ತು ಬೇಕು ಅನ್ನುವವರು ಇರಲಿ. ಒದ್ದೆ ರಟ್ಟಿನ ವಾಸನೆ ಬಂದರೆ ಮಾತ್ರ ಅದು ಸೆಕೆಯ ಕಾಟ ಅಲ್ಲ, ಕಾರ್ಕಿನದ್ದೇ ದೋಷ.

ಮಳೆಗಾಲದಲ್ಲಿ ಲೇಬಲ್ ಮೇಲೆ ಬೂಷ್ಟು ಬಂದರೆ ಹೆದರಬೇಡಿ. ಒಳಗಿನದಕ್ಕೆ ಏನೂ ಆಗಿರುವುದಿಲ್ಲ, ಒರೆಸಿ ಇಡಿ. ತೇವ ಇದ್ದರೆ ಕಾರ್ಕು ಒಣಗುವುದಿಲ್ಲ. ನಮ್ಮ ಶತ್ರು ತೇವ ಅಲ್ಲ, ಸೆಕೆ.

ಕುಂದಾಪ್ರದ ಬಾಣಲೆ

ಮಾಡಿ ನೋಡಿದೆ. ಬ್ಯಾಡಗಿ ಮಾತ್ರ, ಬೆಲ್ಲ ಇಲ್ಲ, ಚಿಕನ್ ಬದಲು ಮಟನ್, ಡ್ರೈ ಆಗಿ. ವೈನ್ ಐಸ್ ನೀರಲ್ಲಿ ಇಟ್ಟು ತಣ್ಣಗೆ ಮಾಡಿದ್ದೆ. ಮಟನಿನ ಜೊತೆ ಚೆನ್ನಾಗಿಯೇ ಹೋಯಿತು ಅಣ್ಣ, ಹುಣಸೆ ಹುಳಿ ಹಿಡಿದ ತುಪ್ಪ ಬಾಯಲ್ಲಿ ಇರುವಾಗ ಒಗರು ಕಾಣಿಸಲೇ ಇಲ್ಲ. ಆದರೆ ನಾಲ್ಕನೇ ಐದನೇ ತುತ್ತಿಗೆ ಖಾರ ಏರಿತು, ಆಮೇಲೆ ವೈನ್ ರುಚಿ ಗೊತ್ತಾಗಲಿಲ್ಲ. ನಡುವೆ ನೀರ್ ದೋಸೆ ತಿಂದರೆ ಮತ್ತೆ ಸರಿ ಆಗುತ್ತಿತ್ತು. ನಮ್ಮವರು ಎರಡು ಗುಟುಕು ಕುಡಿದು ಬಿಯರ್ ತೆಗೆದರು, ಅವರ ಮಾತು ಬಿಡಿ.

ಸುಮ್ನೆ ಓದುವವ

ನಾನು ಇವತ್ತು ಒಂದು ತಂದೆ. ಕಾಲು ಗಂಟೆ ಮೊದಲೇ ತೆರೆದು ಇಡಬೇಕು, ಉಸಿರಾಡಬೇಕು ಅಂತಾರಲ್ಲ, ಬೇಕಾ?

ಬೆಂದೂರ್‌ವೆಲ್ ಬಾಟ್ಲಿ

ಕಾರ್ಕು ತೆಗೆದು ಸುಮ್ನೆ ಇಟ್ಟರೆ ಏನೂ ಆಗುವುದಿಲ್ಲ, ಆ ಕುತ್ತಿಗೆಯಲ್ಲಿ ಗಾಳಿ ಎಷ್ಟು ಹೋಗುತ್ತದೆ? ಅಗಲ ಬಾಯಿಯ ಗಾಜಿನ ಜಗ್ಗಿಗೆ ಸುರಿಯಿರಿ, ಸುರಿದು ಜಗ್ಗನ್ನೇ ಫ್ರಿಜ್ಜಿನಲ್ಲಿಡಿ. ಮೀನು ಸಾರು ಪಕ್ಕದಲ್ಲಿ ಇರಬಾರದು, ವಾಸನೆ ಹಿಡಿಯುತ್ತದೆ. ಊಟಕ್ಕೆ ಏನು ಮಾಡುತ್ತಾ ಇದ್ದೀರಿ?

ಸುಮ್ನೆ ಓದುವವ

ಬೂತಾಯಿ ಪುಳಿಮುಂಚಿ.

ವೆಲೆನ್ಸಿಯಾ ಅಡುಗೆಮನೆ

ದೇವಾ! ಇಷ್ಟು ಬರೆದ ಮೇಲೆ! ಬೂತಾಯಿ ನಾಳೆಗೆ ಇಡಿ, ಇನ್ನೂ ರುಚಿ ಆಗುತ್ತದೆ. ಇವತ್ತು ಹಪ್ಪಳ ಕರಿಯಿರಿ.